ಓ-1, ಗ್ಲೋಬಲ್ ಟ್ಯಾಲೆಂಟ್, 858: ಪ್ರತಿಭಾ ವೀಸಾಗಳಲ್ಲಿ ಯಾರಿಗೆ ಯಾವುದು?

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿ ಮಂಗನ ಕಾಯಿಲೆಯ ಉಣುಗುಗಳ ಮೇಲೆ ಕೆಲಸ ಮಾಡುತ್ತಿರುವವರು, ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಹೋಗಿ ಹತ್ತು ವರ್ಷ ಸಾಫ್ಟ್‌ವೇರ್ ಬರೆದವರು, ಸಾಗರದ ಕಡೆಯ ಯಕ್ಷಗಾನ ಭಾಗವತರು. ಮೂವರೂ ಕೇಳುವುದು ಒಂದೇ ಪ್ರಶ್ನೆ: ಸಾಧನೆ ನೋಡಿ ಕೊಡುವ ವೀಸಾಗಳಲ್ಲಿ ಅಮೆರಿಕದ ಓ-1 ಒಳ್ಳೆಯದೋ, ಬ್ರಿಟನ್ನಿನ ಗ್ಲೋಬಲ್ ಟ್ಯಾಲೆಂಟೋ, ಆಸ್ಟ್ರೇಲಿಯಾದ 858ಓ? ಮೂವರಿಗೂ ಉತ್ತರ ಬೇರೆ ಬೇರೆ. ಪ್ರತಿಭೆ ಎಷ್ಟಿದೆ ಅನ್ನುವುದರ ಮೇಲೆ ಅದು ನಿಂತಿಲ್ಲ. ಆ ಪ್ರತಿಭೆಗೆ ಯಾವ ಬಗೆಯ ಕಾಗದವಿದೆ, ಆ ಕಾಗದವನ್ನು ಯಾರು ಕೂತು ಓದುತ್ತಾರೆ ಅನ್ನುವುದರ ಮೇಲೆ ನಿಂತಿದೆ. ಅಣ್ಣನ ಮನೆ ನ್ಯೂಜೆರ್ಸಿಯಲ್ಲಿದೆಯೋ ಮೆಲ್ಬರ್ನಿನಲ್ಲೋ ಅನ್ನುವುದು ಆಮೇಲಿನ ಮಾತು.

ಇಲ್ಲಿರುವ ಶುಲ್ಕಗಳು 2025–26ರವು. ಬ್ರಿಟನ್ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ, ಆಸ್ಟ್ರೇಲಿಯಾ ಜುಲೈ 1ಕ್ಕೆ ದರ ಬದಲಿಸುತ್ತವೆ. ಹಣ ಕಟ್ಟುವ ದಿನ ಆಯಾ ಸರ್ಕಾರದ ಜಾಲತಾಣದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.

ಯಾವುದನ್ನು ಹಿಡಿದು ಅಳೆಯಬೇಕು

ಮೊದಲನೆಯದು, ಅರ್ಜಿ ಹಾಕುವವರು ಯಾರು. ಕೆಲವು ವೀಸಾಗಳಿಗೆ ಅಲ್ಲಿನ ಕಂಪನಿಯೋ ಏಜೆಂಟೋ ನಮ್ಮ ಪರವಾಗಿ ಅರ್ಜಿ ಹಾಕಬೇಕು. ಕೆಲವಕ್ಕೆ ಶಿವಮೊಗ್ಗದ ಮನೆಯಲ್ಲಿ ಕೂತು ನಾವೇ ಹಾಕಬಹುದು. ಅಲ್ಲಿ ಕೈ ಹಿಡಿಯುವವರು ಯಾರೂ ಇಲ್ಲದಿದ್ದರೆ ಅರ್ಧ ದಾರಿಗಳು ಇಲ್ಲೇ ಮುಚ್ಚುತ್ತವೆ.

ಎರಡನೆಯದು, ಅಳೆಯುವವರು ಯಾರು. ಅಮೆರಿಕದಲ್ಲಿ ವಲಸೆ ಇಲಾಖೆಯ ಅಧಿಕಾರಿ ನೋಡುತ್ತಾರೆ. ಅವರಿಗೆ ನಿಮ್ಮ ಕ್ಷೇತ್ರ ಗೊತ್ತಿರಬೇಕೆಂದಿಲ್ಲ, ನಿಯಮದ ಪಟ್ಟಿಗೆ ದಾಖಲೆ ಹೊಂದುತ್ತದೆಯೇ ಎಂದು ನೋಡುತ್ತಾರೆ. ಬ್ರಿಟನ್ನಿನಲ್ಲಿ ನಿಮ್ಮ ಕ್ಷೇತ್ರದ ಸಂಸ್ಥೆಯೇ ನೋಡುತ್ತದೆ. ವಿಜ್ಞಾನಿಗೆ ಎರಡನೆಯದು ಹಿತ. ಹೊರಗಿನವರಿಗೆ ಹೆಸರೇ ಗೊತ್ತಿಲ್ಲದ ಕಲೆಯವರಿಗೆ ಕೆಲವೊಮ್ಮೆ ಮೊದಲನೆಯದೇ ವಾಸಿ.

ಮೂರನೆಯದು, ಹುಟ್ಟಿದ ದೇಶದ ಸರದಿ. ಇದು ಅಮೆರಿಕದ ಹಸಿರು ಚೀಟಿಗೆ, ಎಂದರೆ ಕಾಯಂ ವಾಸದ ಗ್ರೀನ್ ಕಾರ್ಡಿಗೆ ಮಾತ್ರ ಸಂಬಂಧಿಸಿದ್ದು, ಆದರೆ ಭಾರತದಲ್ಲಿ ಹುಟ್ಟಿದವರ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುವುದು ಇದೇ. ಇವುಗಳ ಜೊತೆಗೆ ಸಂಗಾತಿಗೆ ದುಡಿಯುವ ಹಕ್ಕಿದೆಯೇ, ಮಕ್ಕಳ ವಯಸ್ಸೆಷ್ಟು, ಹಣವನ್ನು ಒಂದೇ ಸಲ ಕಟ್ಟಬೇಕೋ ಬಿಡಿಬಿಡಿಯಾಗಿ ಕಟ್ಟಬಹುದೋ ಎಂಬುದನ್ನೂ ನೋಡಬೇಕು.

ಅಮೆರಿಕದ ಓ-1: ಬೇಗ ಸಿಗುತ್ತದೆ, ಒಬ್ಬರೇ ಹಾಕಲಾಗದು

ಓ-1ರಲ್ಲಿ ಎರಡು ಕವಲು. ವಿಜ್ಞಾನ, ಶಿಕ್ಷಣ, ವ್ಯಾಪಾರ, ಕ್ರೀಡೆಗೆ ಓ-1ಎ. ಕಲೆ, ಸಿನಿಮಾ, ಟಿವಿಗೆ ಓ-1ಬಿ. ನೊಬೆಲ್ ಮಟ್ಟದ ಪ್ರಶಸ್ತಿ ಇಲ್ಲದವರು ಓ-1ಎಗೆ ಎಂಟು ಮಾನದಂಡಗಳಲ್ಲಿ ಕನಿಷ್ಠ ಮೂರನ್ನು ತೋರಿಸಬೇಕು: ರಾಷ್ಟ್ರ ಅಥವಾ ಅಂತರರಾಷ್ಟ್ರೀಯ ಮಟ್ಟದ ಬಹುಮಾನ, ಸಾಧನೆ ನೋಡಿಯೇ ಸೇರಿಸಿಕೊಳ್ಳುವ ಸಂಘದ ಸದಸ್ಯತ್ವ, ನಿಮ್ಮ ಬಗ್ಗೆ ಪ್ರಮುಖ ಮಾಧ್ಯಮದಲ್ಲಿ ಬಂದ ಬರಹ, ಬೇರೆಯವರ ಕೆಲಸಕ್ಕೆ ತೀರ್ಪುಗಾರರಾಗಿದ್ದು, ಮಹತ್ವದ ಸ್ವಂತ ಕೊಡುಗೆ, ವಿದ್ವತ್ ಲೇಖನಗಳು, ಹೆಸರಾಂತ ಸಂಸ್ಥೆಯಲ್ಲಿ ನಿರ್ಣಾಯಕ ಹುದ್ದೆ, ಹೆಚ್ಚಿನ ಸಂಬಳ.

ಕೇಳಲು ಸುಲಭ. ಬೀಳುವುದು ವಿವರದಲ್ಲಿ. ದುಡ್ಡು ಕಟ್ಟಿದರೆ ಯಾರಿಗೂ ಕೊಡುವ ಆಜೀವ ಸದಸ್ಯತ್ವ ಇಲ್ಲಿ ಸದಸ್ಯತ್ವವೇ ಅಲ್ಲ. ಕಾಲೇಜು ಹಬ್ಬದ ತೀರ್ಪುಗಾರಿಕೆಗೆ ತೂಕ ಕಡಿಮೆ. ಅಂತರರಾಷ್ಟ್ರೀಯ ನಿಯತಕಾಲಿಕೆಗೆ ಹತ್ತು ಪ್ರಬಂಧ ಪರಿಶೀಲಿಸಿದ್ದಕ್ಕೆ ತೂಕ ಇದೆ, ಆದರೆ ಸಂಪಾದಕರು ಆಹ್ವಾನಿಸಿದ ಇಮೇಲ್ ಮತ್ತು ಪರಿಶೀಲನೆ ಮುಗಿಸಿದ ದೃಢೀಕರಣ ಎರಡೂ ಇರಬೇಕು. ಹೋಟೆಲ್ ಸಭಾಂಗಣದಲ್ಲಿ ಶಾಲು ಹೊದಿಸಿ ಕೊಡುವ ಗೌರವ ಡಾಕ್ಟರೇಟನ್ನು ಕಡತದಲ್ಲಿ ಸೇರಿಸಲೇಬೇಡಿ. ಅದು ಸುಮ್ಮನೆ ಉಪಯೋಗಕ್ಕೆ ಬಾರದ್ದಲ್ಲ, ಪಕ್ಕದಲ್ಲಿರುವ ಒಳ್ಳೆಯ ದಾಖಲೆಗಳ ಮೇಲೂ ಅನುಮಾನ ಹುಟ್ಟಿಸುತ್ತದೆ.

ಓ-1ಬಿ ಕಲೆಗೆ ಆರರಲ್ಲಿ ಮೂರು ಸಾಕು. ಹೆಸರಾಂತ ಪ್ರದರ್ಶನದಲ್ಲಿ ಮುಖ್ಯ ಪಾತ್ರ, ವಿಮರ್ಶೆಗಳು, ಹೆಸರಾಂತ ಸಂಸ್ಥೆಯಲ್ಲಿ ಮುಖ್ಯ ಹೊಣೆ, ಜನಪ್ರಿಯತೆ ಅಥವಾ ವಿಮರ್ಶಕರ ಮೆಚ್ಚುಗೆ, ತಜ್ಞರ ಮನ್ನಣೆ, ಹೆಚ್ಚಿನ ಸಂಭಾವನೆ. ಕಲೆಯ ವ್ಯಾಖ್ಯೆ ಇಲ್ಲಿ ಅಗಲವಾದದ್ದು. ಸೊರಬ, ಸಾಗರದ ಗುಡಿಗಾರರ ಗಂಧದ ಕೆತ್ತನೆಯೂ ಅದರೊಳಗೆ ಬರುತ್ತದೆ. ‘ಹೆಸರಾಂತ ಸಂಸ್ಥೆ’ ಅನ್ನುವುದನ್ನು ಮಾತ್ರ ಅಧಿಕಾರಿಗೆ ಹೊಸದಾಗಿ ಪರಿಚಯಿಸಬೇಕು. ನೀನಾಸಂ ಮೇಳದಲ್ಲಿ ಎರಡು ವರ್ಷ ಮುಖ್ಯ ಪಾತ್ರ ಮಾಡಿದ್ದೇನೆ ಎಂದಷ್ಟೇ ಬರೆದರೆ ಅಲ್ಲಿ ಓದುವವರಿಗೆ ಏನೂ ತಿಳಿಯದು. ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ಸಂಸ್ಥೆ, ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದೆ ಎಂದು ಆಧಾರ ಸಮೇತ ಒಂದು ಪುಟ ಇಟ್ಟರೆ ಅದೇ ಪಾತ್ರದ ಬೆಲೆ ಬೇರೆಯಾಗುತ್ತದೆ.

ಅರ್ಜಿಯ ನಮೂನೆ ಐ-129. ಅದನ್ನು ಅಮೆರಿಕದ ಉದ್ಯೋಗದಾತ ಅಥವಾ ಏಜೆಂಟ್ ಹಾಕಬೇಕು. ಬೇರೆ ಬೇರೆ ಕಡೆ ಕಾರ್ಯಕ್ರಮ ಕೊಡುವ ಕಲಾವಿದರಿಗೆ ಏಜೆಂಟ್ ದಾರಿಯೇ ಅನುಕೂಲ, ಆದರೆ ಎಲ್ಲೆಲ್ಲಿ, ಯಾವಾಗ ಎಂಬ ವೇಳಾಪಟ್ಟಿಯನ್ನೂ ಒಪ್ಪಂದಗಳನ್ನೂ ಜೊತೆಗಿಡಬೇಕು. ಆ ಕ್ಷೇತ್ರದ ಸಮಾನಸ್ಕಂಧರ ಗುಂಪು ಅಥವಾ ಕಾರ್ಮಿಕ ಸಂಘದ ಅಭಿಪ್ರಾಯ ಪತ್ರವೂ ಬೇಕು. ಇದನ್ನು ಕೊನೆಯ ವಾರಕ್ಕೆ ಬಿಟ್ಟು ತಡ ಮಾಡಿಕೊಳ್ಳುವವರೇ ಹೆಚ್ಚು. ಶುಲ್ಕ 1,055 ಡಾಲರ್, ಸಣ್ಣ ಸಂಸ್ಥೆಗಳಿಗೂ ಲಾಭರಹಿತ ಸಂಸ್ಥೆಗಳಿಗೂ 530. ಅದರ ಮೇಲೆ ಆಶ್ರಯ ಕಾರ್ಯಕ್ರಮದ (ಅಸೈಲಮ್ ಪ್ರೋಗ್ರಾಂ) ಶುಲ್ಕವೆಂದು 600. ಸಣ್ಣ ಸಂಸ್ಥೆಗೆ 300, ಲಾಭರಹಿತಕ್ಕೆ ಇಲ್ಲ. 15 ಕೆಲಸದ ದಿನಗಳಲ್ಲಿ ಉತ್ತರ ಬೇಕಿದ್ದರೆ ತ್ವರಿತ ಶುಲ್ಕ ಬೇರೆ. 2026ರ ಮಾರ್ಚ್ 1ರಿಂದ ಅದು 2,965 ಡಾಲರ್. ವಕೀಲರ ಶುಲ್ಕ ಸಾಮಾನ್ಯವಾಗಿ ಸರ್ಕಾರದ ಶುಲ್ಕವನ್ನು ಮೀರುತ್ತದೆ. ಅನುಮೋದನೆ ಬಂದ ಮೇಲೆ ಕಾನ್ಸುಲೇಟಿನಲ್ಲಿ 205 ಡಾಲರ್ ಕಟ್ಟಿ ಸಂದರ್ಶನಕ್ಕೆ ಹೋಗಬೇಕು.

ಮೊದಲ ಸಲ ಮೂರು ವರ್ಷದವರೆಗೆ ಸಿಗುತ್ತದೆ, ಆಮೇಲೆ ಸಾಮಾನ್ಯವಾಗಿ ಒಂದೊಂದು ವರ್ಷ ವಿಸ್ತರಣೆ. ಲಾಟರಿ ಇಲ್ಲ, ವರ್ಷಕ್ಕಿಷ್ಟೇ ಎಂಬ ಮಿತಿ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ (ಸಾಮಾನ್ಯ ಉದ್ಯೋಗ ವೀಸಾ) ಅರ್ಜಿಗಳ ಮೇಲೆ ಬಂದ ಒಂದು ಲಕ್ಷ ಡಾಲರ್ ಹೊರೆ ಓ-1ಕ್ಕೆ ಅನ್ವಯಿಸುವುದಿಲ್ಲ. ಅದಕ್ಕೇ ಈಗ ಎಲ್ಲರ ಕಣ್ಣೂ ಇದರ ಮೇಲೆ. ಕೊರತೆ ಏನೆಂದರೆ, ಸಂಗಾತಿಗೆ ಸಿಗುವ ಓ-3ರಲ್ಲಿ ದುಡಿಯುವಂತಿಲ್ಲ. ಇಬ್ಬರೂ ಕೆಲಸದಲ್ಲಿರುವ ಮನೆಗೆ ಇದು ಸಣ್ಣ ಮಾತಲ್ಲ. ಬಜೆಟ್ ಬರೆಯುವಾಗ ಒಂದು ಸಂಬಳವನ್ನು ಹೊಡೆದು ಹಾಕಿಯೇ ಬರೆಯಬೇಕು.

ಇಬಿ-1ಎ, ಎನ್‌ಐಡಬ್ಲ್ಯು: ಹಸಿರು ಚೀಟಿಯ ಸಾಲು

ಇವೆರಡೂ ಹಸಿರು ಚೀಟಿಯ ದಾರಿಗಳು: ಇಬಿ-1ಎ ಅಸಾಧಾರಣ ಸಾಧಕರಿಗೆ, ಎನ್‌ಐಡಬ್ಲ್ಯು ಎಂದರೆ ದೇಶದ ಹಿತಕ್ಕಾಗಿ ಉದ್ಯೋಗದಾತ ಬೇಕೆಂಬ ನಿಯಮದಿಂದ ಕೊಡುವ ವಿನಾಯಿತಿ. ಎರಡಕ್ಕೂ ಉದ್ಯೋಗದಾತ ಬೇಡ, ಐ-140 ಅರ್ಜಿಯನ್ನು ನಾವೇ ಹಾಕಿಕೊಳ್ಳಬಹುದು. ಸ್ವಂತ ಅರ್ಜಿಗೆ 715 ಮತ್ತು 300 ಸೇರಿ 1,015 ಡಾಲರ್. ಇಬಿ-1ಎಗೆ ಹತ್ತರಲ್ಲಿ ಮೂರು ಮಾನದಂಡ ದಾಟಬೇಕು, ಆದರೆ ಮೂರು ದಾಟಿದ ಮಾತ್ರಕ್ಕೆ ಮುಗಿಯಲಿಲ್ಲ. ನಂತರ ಅಧಿಕಾರಿ ಕಡತವನ್ನು ಒಟ್ಟಾಗಿ ತೂಗಿ, ಕ್ಷೇತ್ರದ ತುದಿಯಲ್ಲಿರುವ ಕೆಲವೇ ಜನರಲ್ಲಿ ಇವರೂ ಸೇರುತ್ತಾರೆಯೇ ಎಂದು ಕೇಳಿಕೊಳ್ಳುತ್ತಾರೆ. ಓ-1 ಸಿಕ್ಕವರಿಗೆ ಇಬಿ-1ಎ ತಿರಸ್ಕಾರವಾಗುವುದು ಹೆಚ್ಚಾಗಿ ಈ ಎರಡನೆಯ ಹಂತದಲ್ಲಿ. ಎನ್‌ಐಡಬ್ಲ್ಯುಗೆ 2016ರ ಧನಸಾರ್ ತೀರ್ಪಿನ ಮೂರು ಪ್ರಶ್ನೆಗಳು: ಕೆಲಸಕ್ಕೆ ಸತ್ವವೂ ಅಮೆರಿಕಕ್ಕೆ ರಾಷ್ಟ್ರೀಯ ಮಹತ್ವವೂ ಇದೆಯೇ, ಅದನ್ನು ಮುಂದಕ್ಕೆ ಒಯ್ಯುವ ಸ್ಥಿತಿಯಲ್ಲಿ ನೀವಿದ್ದೀರೇ, ಉದ್ಯೋಗದಾತ ಬೇಕೆಂಬ ನಿಯಮ ಸಡಿಲಿಸಿದರೆ ಆ ದೇಶಕ್ಕೆ ಲಾಭವೇ.

ತೊಡಕಿರುವುದು ಅನುಮೋದನೆಯಲ್ಲಲ್ಲ, ಸರದಿಯಲ್ಲಿ. ಸರದಿ ನಡೆಯುವುದು ಹುಟ್ಟಿದ ದೇಶದ ಮೇಲೆ. 2025ರಲ್ಲಿ ಭಾರತದ ಇಬಿ-1 ಸಾಲು 2022ರ ಅರ್ಜಿಗಳಲ್ಲೂ, ಎನ್‌ಐಡಬ್ಲ್ಯು ಸೇರುವ ಇಬಿ-2 ಸಾಲು 2013ರ ಅರ್ಜಿಗಳಲ್ಲೂ ನಿಂತಿತ್ತು. ಎಂದರೆ ಇವತ್ತು ಎನ್‌ಐಡಬ್ಲ್ಯು ಒಂದನ್ನೇ ನಂಬಿಕೊಂಡು ಹಾಕಿದವರ ಮಗು ಶಾಲೆ ಮುಗಿಸಿ ಕಾಲೇಜಿಗೆ ಹೋಗಿರುತ್ತದೆ. 21 ದಾಟಿದ ಮಕ್ಕಳು ಅವಲಂಬಿತರ ಪಟ್ಟಿಯಿಂದ ಜಾರುವ ಅಪಾಯವೂ ಇದೆ.

ಹಾಗಾದರೆ ಎನ್‌ಐಡಬ್ಲ್ಯು ಯಾಕೆ? ದಿನಾಂಕ ಹಿಡಿದಿಡಲು. ಅನುಮೋದನೆಯಾದ ಐ-140ರ ಆದ್ಯತಾ ದಿನಾಂಕವನ್ನು, ಎಂದರೆ ಸಾಲಿನಲ್ಲಿ ನಿಮ್ಮ ಜಾಗ ಗೊತ್ತುಮಾಡುವ ದಿನವನ್ನು, ಮುಂದೆ ಹಾಕುವ ಇಬಿ-1ಎಗೂ ಒಯ್ಯಬಹುದು. ಈಗ ಎನ್‌ಐಡಬ್ಲ್ಯು ಮಟ್ಟದಲ್ಲಿರುವವರು ಇವತ್ತಿನ ದಿನಾಂಕ ಹಿಡಿದು, ಮೂರು ವರ್ಷದಲ್ಲಿ ಕಡತ ಬಲಪಡಿಸಿ ಇಬಿ-1ಎ ಹಾಕಿದರೆ ಹಳೆಯ ದಿನಾಂಕದಲ್ಲೇ ಸಾಲಿನಲ್ಲಿ ನಿಲ್ಲುತ್ತಾರೆ. ಐ-140 ಹಾಕಿದ ಕಾರಣಕ್ಕೆ ಓ-1 ನಿರಾಕರಿಸುವಂತಿಲ್ಲ ಎಂಬ ನಿಯಮ ಇರುವುದರಿಂದ ಎರಡನ್ನೂ ಜೊತೆಜೊತೆಗೆ ನಡೆಸಬಹುದು. ಸಂಗಾತಿ ಬೇರೆ ದೇಶದಲ್ಲಿ ಹುಟ್ಟಿದವರಾದರೆ ಅವರ ದೇಶದ ಸಾಲಿನಲ್ಲಿ ನಿಲ್ಲಲು ಅವಕಾಶವಿದೆ. ಮಸ್ಕತ್ತಿನಲ್ಲೋ ದುಬೈಯಲ್ಲೋ ಹುಟ್ಟಿ ಇಲ್ಲಿ ಬೆಳೆದವರು ನಮ್ಮಲ್ಲೂ ಇದ್ದಾರೆ. ಅಂಥವರು ಭಾರತದ ಪಾಸ್‌ಪೋರ್ಟ್ ಹಿಡಿದಿದ್ದರೂ ಹುಟ್ಟಿದ ಊರು ಬೇರೆ, ಸಾಲು ಬೇರೆ.

ಬ್ರಿಟನ್ನಿನ ಗ್ಲೋಬಲ್ ಟ್ಯಾಲೆಂಟ್: ನಾವೇ ಹಾಕಬಹುದು, ದುಡ್ಡು ಮೊದಲೇ ಕಟ್ಟಬೇಕು

2020ರ ಫೆಬ್ರವರಿಯಲ್ಲಿ ಬಂದದ್ದು. ಎರಡು ಮೆಟ್ಟಿಲು. ಮೊದಲು ಕ್ಷೇತ್ರದ ಸಂಸ್ಥೆಯ ಶಿಫಾರಸು: ವಿಜ್ಞಾನಕ್ಕೆ ರಾಯಲ್ ಸೊಸೈಟಿ ಮತ್ತು ಯುಕೆಆರ್‌ಐ (ಸಂಶೋಧನೆಗೆ ಧನಸಹಾಯ ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ), ಎಂಜಿನಿಯರಿಂಗಿಗೆ ರಾಯಲ್ ಅಕಾಡೆಮಿ ಆಫ್ ಎಂಜಿನಿಯರಿಂಗ್, ಮಾನವಿಕಕ್ಕೆ ಬ್ರಿಟಿಷ್ ಅಕಾಡೆಮಿ, ಕಲೆಗೆ ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್, ಡಿಜಿಟಲ್ ತಂತ್ರಜ್ಞಾನಕ್ಕೆ ಟೆಕ್ ನೇಷನ್. ಶಿಫಾರಸು ಸಿಕ್ಕ ಮೂರು ತಿಂಗಳೊಳಗೆ ವೀಸಾ ಅರ್ಜಿ ಹಾಕಬೇಕು. ಸಂಬಳದ ಮಿತಿ ಇಲ್ಲ, ಉದ್ಯೋಗದಾತ ಬೇಕಿಲ್ಲ, ಕೆಲಸ ಬದಲಿಸಲು ಯಾರನ್ನೂ ಕೇಳಬೇಕಿಲ್ಲ. ಸಂಗಾತಿಯೂ ದುಡಿಯಬಹುದು. ಹೊರಡುವಾಗ ಇಂಗ್ಲಿಷ್ ಪರೀಕ್ಷೆಯೂ ಇಲ್ಲ. ಕಾಯಂ ವಾಸ ಕೇಳುವಾಗ ಬೇಕಾಗುತ್ತದೆ.

ಎರಡು ದರ್ಜೆಗಳಿವೆ: ಈಗಾಗಲೇ ಹೆಸರಾದವರಿಗೆ ‘ಟ್ಯಾಲೆಂಟ್’, ಬೆಳೆಯುತ್ತಿರುವವರಿಗೆ ‘ಪ್ರಾಮಿಸ್’. ಕಿರಿಯರಿಗೆ ಈ ಎರಡನೆಯದೇ ದೊಡ್ಡ ಅನುಕೂಲ, ಅಮೆರಿಕದಲ್ಲಿ ಇದಕ್ಕೆ ಸಮನಾದದ್ದಿಲ್ಲ. ಕಾಯಂ ವಾಸಕ್ಕೆ ಟ್ಯಾಲೆಂಟ್‌ನವರಿಗೂ ವಿಜ್ಞಾನ ಸಂಶೋಧನೆಯವರಿಗೂ ಮೂರು ವರ್ಷ, ಕಲೆ ಮತ್ತು ತಂತ್ರಜ್ಞಾನದ ಪ್ರಾಮಿಸ್‌ನವರಿಗೆ ಐದು. 2025ರ ಮೇ ತಿಂಗಳಲ್ಲಿ ಬ್ರಿಟನ್ ಸರ್ಕಾರ ವಲಸೆಯ ಬಗ್ಗೆ ಹೊರಡಿಸಿದ ಶ್ವೇತಪತ್ರದ ನಂತರ ಕಾಯಂ ವಾಸದ ನಿಯಮಗಳು ಒಟ್ಟಾರೆ ಬದಲಾವಣೆಯ ಹಾದಿಯಲ್ಲಿವೆ, ಹೊರಡುವ ಮುನ್ನ ನೋಡಿಕೊಳ್ಳಿ.

ಖರ್ಚಿನ ಲೆಕ್ಕ ಮೊದಲೇ ಹಾಕಿಕೊಳ್ಳಿ. ಶಿಫಾರಸಿಗೆ 561, ವೀಸಾಕ್ಕೆ 205, ಒಟ್ಟು 766 ಪೌಂಡ್. ಇದು ಸಣ್ಣದು. ದೊಡ್ಡದು ಆರೋಗ್ಯ ಶುಲ್ಕ: ದೊಡ್ಡವರಿಗೆ ವರ್ಷಕ್ಕೆ 1,035, ಮಕ್ಕಳಿಗೆ 776, ಪೂರ್ತಿ ಅವಧಿಯದ್ದನ್ನು ಒಂದೇ ಕಂತಿನಲ್ಲಿ. ಗಂಡ, ಹೆಂಡತಿ, ಒಂದು ಮಗು ಮೂರು ವರ್ಷಕ್ಕೆ ಹೊರಟರೆ 3,871, 3,871, 3,094 ಸೇರಿ 10,836 ಪೌಂಡ್. ಪೌಂಡಿಗೆ 115ರಿಂದ 120 ರೂಪಾಯಿ ಹಿಡಿದರೆ ಹನ್ನೆರಡೂವರೆಯಿಂದ ಹದಿಮೂರು ಲಕ್ಷ. ವಿಮಾನ, ಮನೆ ಮುಂಗಡ ಇನ್ನೂ ಸೇರಿಲ್ಲ. ಅವಧಿಯನ್ನು ಒಂದರಿಂದ ಐದು ವರ್ಷದವರೆಗೆ ನಾವೇ ಆರಿಸಬಹುದಾದ್ದರಿಂದ ಮೂರು ವರ್ಷದ ದಾರಿಯವರು ಐದಕ್ಕೆ ಕಟ್ಟುವುದು ಹೆಚ್ಚಾಗಿ ದಂಡ. ಆದರೆ ವರ್ಷಕ್ಕೆ 180 ದಿನಕ್ಕಿಂತ ಹೆಚ್ಚು ಹೊರಗಿದ್ದು ಮೂರನೇ ವರ್ಷಕ್ಕೆ ಅರ್ಹತೆ ತಪ್ಪಿದರೆ ಮತ್ತೆ ವಿಸ್ತರಣೆ, ಮತ್ತೆ ಶುಲ್ಕ. ಅಡಿಕೆ ಕೊಯ್ಲಿಗೆ ಪ್ರತಿವರ್ಷ ನಾಲ್ಕು ತಿಂಗಳು ಊರಿಗೆ ಬರುವ ಯೋಚನೆ ಇದ್ದವರು ಬೇರೆ ಪ್ರಯಾಣಗಳ ದಿನಗಳನ್ನೂ ಅದಕ್ಕೆ ಕೂಡಿಸಿ ನೋಡಬೇಕು.

ಸಾಫ್ಟ್‌ವೇರ್‌ನವರು ಎಡವುವ ಜಾಗವೊಂದಿದೆ. ಟೆಕ್ ನೇಷನ್ ಕೇಳುವುದು ಸ್ವಂತ ಉತ್ಪನ್ನ ಕಟ್ಟುವ ಕಂಪನಿಯ ಅನುಭವ. ಹೊರಗುತ್ತಿಗೆ, ಸಲಹಾ ಸೇವೆಯ ಕಂಪನಿಯಲ್ಲಿ ಹದಿನೈದು ವರ್ಷ ಎಷ್ಟೇ ದೊಡ್ಡ ತಂಡ ನಡೆಸಿದ್ದರೂ ಆ ಕೆಲಸ ಲೆಕ್ಕಕ್ಕೆ ಬರುವುದು ಕಷ್ಟ. ಮೂರು ಶಿಫಾರಸು ಪತ್ರ, ಹತ್ತರವರೆಗೆ ಸಾಕ್ಷ್ಯ, ಒಂದೊಂದೂ ಮೂರು ಪುಟ ಮೀರುವಂತಿಲ್ಲ; ಪತ್ರ ಬರೆಯುವವರಿಗೆ ನಿಮ್ಮ ಕೆಲಸ ಕನಿಷ್ಠ ಹನ್ನೆರಡು ತಿಂಗಳಿಂದ ಗೊತ್ತಿರಬೇಕು. ಮೂರೂ ಪತ್ರಗಳನ್ನು ಅರ್ಜಿದಾರರೇ ಬರೆದು ಸಹಿ ಮಾಡಿಸಿಕೊಂಡರೆ ಮೂರರಲ್ಲೂ ಒಂದೇ ವಾಕ್ಯ ಇಣುಕುತ್ತದೆ, ಓದುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಕಲೆಯವರಿಗೆ ಆರ್ಟ್ಸ್ ಕೌನ್ಸಿಲ್ ಮೂರು ಪತ್ರ ಕೇಳುತ್ತದೆ, ಅದರಲ್ಲಿ ಒಂದು ಬ್ರಿಟನ್ನಿನ ಕಲಾಸಂಸ್ಥೆಯಿಂದ ಬರಬೇಕು. ನಮ್ಮ ಕಡೆಯವರಿಗೆ ದೊಡ್ಡ ಗೋಡೆ ಇದೇ. ಟ್ಯಾಲೆಂಟ್ ದರ್ಜೆಗೆ ಒಂದಕ್ಕಿಂತ ಹೆಚ್ಚು ದೇಶದ ಸಾಧನೆ ಬೇಕು, ಪ್ರಾಮಿಸ್‌ಗೆ ಒಂದು ದೇಶದ್ದಾದರೂ ನಡೆಯುತ್ತದೆ. ವೀಸಾ ಸಿಕ್ಕಿದ ಮೇಲೂ ಆ ಕ್ಷೇತ್ರದಲ್ಲಿ ಹಣ ಗಳಿಸಿದ ದಾಖಲೆ ಇರಬೇಕು, ಇಲ್ಲದಿದ್ದರೆ ವಿಸ್ತರಣೆಯೂ ಕಾಯಂ ವಾಸವೂ ನಿಲ್ಲುತ್ತವೆ.

ವಿಜ್ಞಾನಿಗಳಿಗೆ ಇದು ಸಲೀಸು. ಯುಕೆಆರ್‌ಐ ಪಟ್ಟಿಯ ಧನಸಹಾಯ ಸಂಸ್ಥೆಯಿಂದ ಕನಿಷ್ಠ 30,000 ಪೌಂಡಿನ, ಎರಡು ವರ್ಷದ ಅನುದಾನದಲ್ಲಿ ಹೆಸರಿದ್ದು, ಎರಡು ವರ್ಷದ ನೇಮಕಾತಿ ಇದ್ದರೆ ಶಿಫಾರಸು ಬೇಗ ಬರುತ್ತದೆ. ಮಾನ್ಯ ಫೆಲೋಶಿಪ್ ಸಿಕ್ಕವರಿಗೂ ಹಾಗೆಯೇ. ಆರು ತಿಂಗಳಿಗಿಂತ ಹೆಚ್ಚು ಇರಲು ಹೊರಟ ಭಾರತೀಯರಿಗೆ ಕ್ಷಯ ಪರೀಕ್ಷೆ ಕಡ್ಡಾಯ, ಬ್ರಿಟನ್ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಆಗಬೇಕು. ಶಿವಮೊಗ್ಗದ ಲ್ಯಾಬಿನ ಎಕ್ಸ್‌ರೇ ನಡೆಯುವುದಿಲ್ಲ.

ಆಸ್ಟ್ರೇಲಿಯಾದ 858: ಸಿಕ್ಕರೆ ಮೊದಲ ದಿನದಿಂದಲೇ ಕಾಯಂ

ಆಸ್ಟ್ರೇಲಿಯಾದ್ದೇ ಆದ ಹಳೆಯ ಗ್ಲೋಬಲ್ ಟ್ಯಾಲೆಂಟ್ ವೀಸಾದ ಬದಲಿಗೆ 2024ರ ಡಿಸೆಂಬರ್ 6ರಿಂದ ನ್ಯಾಷನಲ್ ಇನೊವೇಷನ್ ವೀಸಾ ಬಂದಿದೆ, ಉಪವರ್ಗದ ಸಂಖ್ಯೆ ಅದೇ 858. ಮೊದಲು ಆಸಕ್ತಿ ಪತ್ರ ಸಲ್ಲಿಸಬೇಕು, ಅದಕ್ಕೆ ಶುಲ್ಕವಿಲ್ಲ. ಇಲಾಖೆ ಆಹ್ವಾನಿಸಿದರೆ 60 ದಿನಗಳಲ್ಲಿ ಪೂರ್ಣ ಅರ್ಜಿ. ಮುಖ್ಯ ಅರ್ಜಿದಾರರಿಗೆ ಸುಮಾರು 5,000 ಆಸ್ಟ್ರೇಲಿಯನ್ ಡಾಲರ್, ಕುಟುಂಬದವರಿಗೆ ಬೇರೆ. ಅದೇ ಕ್ಷೇತ್ರದಲ್ಲಿ ರಾಷ್ಟ್ರಮಟ್ಟದ ಹೆಸರಿರುವ ಅಲ್ಲಿನವರೊಬ್ಬರು ಅಥವಾ ಸಂಸ್ಥೆಯೊಂದು ನಮೂನೆ 1000ರಲ್ಲಿ ನಾಮನಿರ್ದೇಶನ ಮಾಡಬೇಕು. ಆಹ್ವಾನ ಬಂದ ಮೇಲೆ ನಾಮನಿರ್ದೇಶಕರನ್ನು ಹುಡುಕಲು ಹೊರಟರೆ 60 ದಿನ ಸಾಲದು.

ವಿಶ್ವಪ್ರಶಸ್ತಿ ಪಡೆದವರಿಗೂ ಸರ್ಕಾರಿ ಸಂಸ್ಥೆಗಳು ನಾಮನಿರ್ದೇಶಿಸಿದವರಿಗೂ ಮೊದಲ ಆದ್ಯತೆ. ಆಮೇಲೆ ನಿರ್ಣಾಯಕ ತಂತ್ರಜ್ಞಾನ, ಆರೋಗ್ಯ, ನವೀಕರಿಸಬಹುದಾದ ಇಂಧನ. ಅದರ ಕೆಳಗೆ ಕೃಷಿ-ಆಹಾರ, ಶಿಕ್ಷಣ, ಮೂಲಸೌಕರ್ಯ ಮೊದಲಾದವು. ಮಂಗನ ಕಾಯಿಲೆಯಂಥ ಸೋಂಕಿನ ಸಂಶೋಧಕರು ಮೇಲಿನ ಗುಂಪಿನಲ್ಲಿ, ಅಡಿಕೆ, ಕಾಳುಮೆಣಸಿನ ರೋಗಗಳ ಮೇಲೆ ಕೆಲಸ ಮಾಡುವ ಕೃಷಿ ವಿಜ್ಞಾನಿಗಳು ಕೆಳಗಿನದರಲ್ಲಿ ಬರುತ್ತಾರೆ. 55 ದಾಟಿದವರು ದೇಶಕ್ಕೆ ಅಸಾಧಾರಣ ಲಾಭವಿದೆ ಎಂದು ಬೇರೆಯಾಗಿ ತೋರಿಸಬೇಕು. ಇದರ ಗುಣ ಒಂದೇ ಮಾತಿನಲ್ಲಿ ಹೇಳುವುದಾದರೆ, ನಡುವೆ ಯಾವ ತಾತ್ಕಾಲಿಕ ವೀಸಾವೂ ಇಲ್ಲ. ದೋಷ, ಆಹ್ವಾನ ಬರುತ್ತದೋ ಇಲ್ಲವೋ ಎಂದು ಯಾರೂ ಹೇಳಲಾರರು. ಪಕ್ಕದಲ್ಲಿ ಇನ್ನೊಂದು ದಾರಿ ಇಟ್ಟುಕೊಂಡೇ ಇದನ್ನು ಹಾಕಿ.

ಉಳಿದವು ಚುಟುಕಾಗಿ. ಯುಎಇಯ ಹತ್ತು ವರ್ಷದ ಗೋಲ್ಡನ್ ವೀಸಾ ಉದ್ಯೋಗದಾತರಿಗೆ ಅಂಟಿಲ್ಲ, ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೂ ರದ್ದಾಗದು. ಆದರೆ ಅದು ಪೌರತ್ವದ ಮೆಟ್ಟಿಲಲ್ಲ. ಕೆನಡಾದಲ್ಲಿ ಕಲಾವಿದರು, ಕ್ರೀಡಾಪಟುಗಳು ನೆಚ್ಚಿಕೊಂಡಿದ್ದ ಸ್ವಯಂ ಉದ್ಯೋಗಿಗಳ ಯೋಜನೆಗೆ 2024ರ ಏಪ್ರಿಲ್ 30ರಿಂದ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದಾರೆ, ಅದರ ಹೆಸರಿನಲ್ಲಿ ಯಾರಾದರೂ ದುಡ್ಡು ಕೇಳಿದರೆ ಎಚ್ಚರ. ಜರ್ಮನಿಯಲ್ಲಿ ಪ್ರತಿಭಾ ವೀಸಾ ಎಂಬ ಹೆಸರಿನದ್ದಿಲ್ಲ, ಆದರೆ ಕೆಲಸದ ಆಹ್ವಾನ ಕೈಯಲ್ಲಿರುವ ಎಂಜಿನಿಯರಿಗೆ ಅಲ್ಲಿನ ಬ್ಲೂ ಕಾರ್ಡ್ ಎಂಬ ಉದ್ಯೋಗ ಪರವಾನಗಿ ಮೇಲಿನ ಎಲ್ಲಕ್ಕಿಂತ ಕಡಿಮೆ ರಗಳೆಯದು.

ಮೇಳಕ್ಕೆ ಓ-1 ಬೇಡ

ಕನ್ನಡ ಸಂಘಗಳು ಕರೆದಾಗ ಇಡೀ ತಂಡಕ್ಕೆ ಓ-1 ಮಾಡಿಸಬೇಕೇ ಎಂದು ಕೇಳುವವರಿದ್ದಾರೆ. ಬೇಡ. ಅಮೆರಿಕದಲ್ಲಿ ಸಾಂಸ್ಕೃತಿಕವಾಗಿ ವಿಶಿಷ್ಟವಾದ ಕಲೆಗೇ ಪಿ-3 ಎಂಬ ವೀಸಾ ಇದೆ. ಕಲಾವಿದರ ಖ್ಯಾತಿಯ ಪಟ್ಟಿ ಬೇಕಿಲ್ಲ. ಕಲೆ ಪರಂಪರೆಯದ್ದು, ಇವರು ಅದನ್ನು ನಿಜವಾಗಿ ಬಲ್ಲವರು ಎಂಬ ತಜ್ಞರ ಪತ್ರ ಮತ್ತು ಎಲ್ಲ ಕಾರ್ಯಕ್ರಮಗಳೂ ಆ ಕಲೆಯದ್ದೇ ಎಂಬ ದಾಖಲೆ ಸಾಕು. ಒಂದು ವರ್ಷದವರೆಗೆ ಸಿಗುತ್ತದೆ, ಒಂದು ಅರ್ಜಿಯಲ್ಲಿ 25 ಹೆಸರು. ಪ್ರಸಾಧನದವರಂಥ ಅನಿವಾರ್ಯ ಸಹಾಯಕರಿಗೆ ಪ್ರತ್ಯೇಕ ಅರ್ಜಿ, ಅವರಿಲ್ಲದೆ ಆಟ ಯಾಕೆ ನಡೆಯದು ಎಂಬ ವಿವರಣೆ ಸಮೇತ. ಸಂದರ್ಶನದಲ್ಲಿ ಅಧಿಕಾರಿ ವಾಪಸು ಬರುವ ಖಾತರಿ ನೋಡುತ್ತಾರೆ. ಮುಂದಿನ ತಿರುಗಾಟಕ್ಕೆ ಮೇಳದ ಯಜಮಾನರು ಕೊಟ್ಟ ಪತ್ರ, ಜಮೀನಿನ ಪಹಣಿ ಇಟ್ಟುಕೊಂಡಿರಿ.

ಬ್ರಿಟನ್ನಿಗೆ ಒಂದೆರಡು ಕಾರ್ಯಕ್ರಮವಾದರೆ 127 ಪೌಂಡಿನ ಸಂದರ್ಶಕ ವೀಸಾದಲ್ಲೇ, ಅಲ್ಲಿನ ಸಂಸ್ಥೆಯ ಮುಂಚಿತ ಆಹ್ವಾನವಿದ್ದು, ತಲುಪಿದ 30 ದಿನಗಳೊಳಗೆ ಸಂಭಾವನೆಯ ಕಾರ್ಯಕ್ರಮ ಮಾಡಲು ವೃತ್ತಿಕಲಾವಿದರಿಗೆ ಅವಕಾಶವಿದೆ.

ನಮ್ಮ ಕಡೆಯ ಕಡತ ಎಲ್ಲಿ ಸೋಲುತ್ತದೆ

ಪತ್ರಿಕೆಯ ಕತ್ತರಿಕೆಯಿಂದ ಶುರು ಮಾಡೋಣ. ಅಮೆರಿಕದ ನಿಯಮ ಬರಹದ ಶೀರ್ಷಿಕೆ, ದಿನಾಂಕ, ಬರೆದವರ ಹೆಸರು ಮೂರನ್ನೂ ಕೇಳುತ್ತದೆ. ಕನ್ನಡ ಪತ್ರಿಕೆಗಳ ಜಿಲ್ಲಾ ವರದಿಯಲ್ಲಿ ವರದಿಗಾರರ ಹೆಸರೇ ಇರುವುದಿಲ್ಲ. ಪತ್ರಿಕೆಯ ಕಚೇರಿಯಿಂದ, ಈ ದಿನದ ಈ ಪುಟದ ವರದಿ ಇಂಥವರದ್ದು ಎಂದು ಪತ್ರ ಪಡೆಯಿರಿ. ಬರಹವನ್ನು ಮಾತ್ರ ಕತ್ತರಿಸದೆ ಪತ್ರಿಕೆಯ ಹೆಸರು, ದಿನಾಂಕ ಕಾಣುವ ಇಡೀ ಪುಟ ಉಳಿಸಿ, ಪ್ರಸಾರ ಸಂಖ್ಯೆಯ ದಾಖಲೆ ಸೇರಿಸಿ. ಬರಹ ನಿಮ್ಮ ಬಗ್ಗೆಯೇ ಇರಬೇಕು; ‘ಭಾಗವತಿಕೆಯಲ್ಲಿ ಇಂಥವರು ಸಹಕರಿಸಿದರು’ ಎಂಬ ಒಂದು ಸಾಲು ಲೆಕ್ಕಕ್ಕಿಲ್ಲ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಮಳೆಗಾಲಕ್ಕೊಮ್ಮೆ ಬೂಷ್ಟು ಹಿಡಿಯುವ ಹಳೆಯ ಪುಟಗಳನ್ನು ಈ ಬೇಸಿಗೆಯಲ್ಲೇ ಸ್ಕ್ಯಾನ್ ಮಾಡಿಬಿಡಿ.

ಕನ್ನಡದ ಪ್ರತಿಯೊಂದು ಕಾಗದಕ್ಕೂ ಪೂರ್ಣ ಇಂಗ್ಲಿಷ್ ಅನುವಾದ ಬೇಕು, ಸಾರಾಂಶ ಅಲ್ಲ. ಎರಡೂ ಭಾಷೆ ಬಲ್ಲೆ, ಅನುವಾದ ಪೂರ್ಣವೂ ನಿಖರವೂ ಆಗಿದೆ ಎಂಬ ಅನುವಾದಕರ ದೃಢೀಕರಣ ಕೆಳಗಿರಬೇಕು. ಬ್ರಿಟನ್ನಿಗೆ ಅವರ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರವೂ ಬೇಕು. ಅರ್ಜಿದಾರರೋ ಮನೆಯವರೋ ಅನುವಾದಿಸದಿರುವುದು ಒಳ್ಳೆಯದು. ಕರಪತ್ರಗಳನ್ನು ಅನುವಾದಿಸುವಾಗ ‘ಭಾಗವತ’ ಎಂಬುದನ್ನು ಬರಿಯ ಹಾಡುಗಾರ ಎಂದು ಇಳಿಸಬೇಡಿ. ಪ್ರಸಂಗವನ್ನು ನಡೆಸುವ, ಇಡೀ ಆಟದ ನಿರ್ದೇಶನ ಹೊತ್ತ ಪಾತ್ರ ಅದು. ಮುಖ್ಯ ಪಾತ್ರ ಎಂಬ ಮಾನದಂಡ ಉಳಿಯುವುದೋ ಬೀಳುವುದೋ ಆ ಒಂದು ಪದದಲ್ಲಿ.

ಪ್ರಶಸ್ತಿಯಲ್ಲಿ ಅದರ ಹೆಸರಿಗಿಂತ ಆಯ್ಕೆಯ ಕ್ರಮ ಮುಖ್ಯ. ಎಷ್ಟು ಜನರಲ್ಲಿ, ಯಾರು, ಯಾವ ನಿಯಮದಲ್ಲಿ ಆರಿಸಿದರು ಎಂಬ ಕಾಗದ ಬೇಕು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಯುವ ಪುರಸ್ಕಾರ ರಾಷ್ಟ್ರಮಟ್ಟದ್ದು, ವಾದ ಬೇಕಿಲ್ಲ. ರಾಜ್ಯ ಅಕಾಡೆಮಿಗಳ ಪ್ರಶಸ್ತಿಗೆ ವಿವರಣೆ ಜೋಡಿಸಬೇಕು. ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿ ಪೂರಕವಾಗಿ ಮಾತ್ರ. ಕವರಿನಲ್ಲಿ ಕೊಟ್ಟ ಸಂಭಾವನೆಗೆ ಬ್ಯಾಂಕಿನ ಸಾಕ್ಷಿ ಇರದು. ಇನ್ನು ಮೇಲಾದರೂ ಖಾತೆಗೆ ಹಾಕಿಸಿಕೊಳ್ಳಿ, ಆದಾಯ ತೆರಿಗೆ ವಿವರದಲ್ಲಿ ತೋರಿಸಿ.

ಇನ್ನು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಊರಿನ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ಪ್ರಬಂಧಗಳಲ್ಲಿ ‘ಭಟ್’ ಒಂದು ಕಾಗುಣಿತ, ಪ್ರಶಸ್ತಿಪತ್ರದಲ್ಲಿ ಇನ್ನೊಂದು. ಅರ್ಜಿಗೆ ಆರು ತಿಂಗಳು ಮೊದಲೇ ಪಾಸ್‌ಪೋರ್ಟಿನ ಹೆಸರಿಗೆ ಉಳಿದದ್ದನ್ನು ಹೊಂದಿಸಿ, ಆಗದಿದ್ದರೆ ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಮಾಡಿಸಿ. ಮನೆಯಲ್ಲೇ ಹೆರಿಗೆಯಾಗಿ ಜನನ ನೋಂದಣಿ ಇಲ್ಲದವರು ಹಸಿರು ಚೀಟಿಯ ಹಂತಕ್ಕೆ ಮುಂಚೆ ದಾಖಲೆ ಲಭ್ಯವಿಲ್ಲ ಎಂಬ ಪ್ರಮಾಣಪತ್ರ, ಅಂಕಪಟ್ಟಿ, ಹಿರಿಯರ ಅಫಿಡವಿಟ್ ಸಿದ್ಧವಿಡಬೇಕು. ಪೊಲೀಸ್ ಕ್ಲಿಯರೆನ್ಸನ್ನು ಪಾಸ್‌ಪೋರ್ಟ್ ಸೇವಾ ಜಾಲತಾಣದಿಂದಲೇ ಪಡೆಯಿರಿ, ಶುಲ್ಕ 500 ರೂಪಾಯಿ. ಠಾಣೆಯಲ್ಲಿ ಬರೆಸಿಕೊಂಡ ಪತ್ರ ಸಾಮಾನ್ಯವಾಗಿ ಒಪ್ಪಿಗೆಯಾಗದು.

ಹಾಗಾದರೆ ಆ ಮೂವರು?

ಮಂಗನ ಕಾಯಿಲೆಯ ಸಂಶೋಧಕರು ಮೊದಲು ಬ್ರಿಟನ್ನಿನ ಫೆಲೋಶಿಪ್ ಅಥವಾ ಅನುದಾನದ ಹುದ್ದೆ ಹುಡುಕಲಿ, ಸಿಕ್ಕರೆ ವೀಸಾ ತಾನಾಗಿ ಹಿಂದೆ ಬರುತ್ತದೆ. ಕೆಲವು ಹುದ್ದೆಗಳಲ್ಲಿ ಸಂಸ್ಥೆಯೇ ಶುಲ್ಕ ಭರಿಸುತ್ತದೆ, ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮುನ್ನ ಕೇಳಿ. ಆಸ್ಟ್ರೇಲಿಯಾದ ಆಸಕ್ತಿ ಪತ್ರ ಉಚಿತವಾದ್ದರಿಂದ ಅದೂ ಜೊತೆಗಿರಲಿ. ಎನ್‌ಐಡಬ್ಲ್ಯುಗೆ ‘1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಿದ ಕಾಯಿಲೆ’ ಎಂಬಲ್ಲಿಗೆ ವಾದ ನಿಲ್ಲಿಸಿದರೆ ಅದು ಸೊರಬದ ಸಮಸ್ಯೆಯಾಗಿ ಕಾಣುತ್ತದೆ. ಉಣುಗಿನಿಂದ ಹರಡುವ ರೋಗಗಳ ಲಸಿಕೆ, ಪತ್ತೆಯ ವಿಧಾನ ಎಂದು ಅಮೆರಿಕಕ್ಕೂ ತಾಗುವಂತೆ ಬರೆಯಬೇಕು.

ಸಾಫ್ಟ್‌ವೇರ್‌ನವರು ಉತ್ಪನ್ನದ ಕಂಪನಿಯಲ್ಲಿದ್ದು, ಸಂಗಾತಿಯೂ ದುಡಿಯುವವರಾದರೆ, ಕೈಯಲ್ಲಿ ಹದಿನೈದು ಲಕ್ಷ ಇದ್ದರೆ ಬ್ರಿಟನ್. ಸೇವಾ ಕಂಪನಿಯಲ್ಲಿದ್ದರೆ ಅಮೆರಿಕದ ಉದ್ಯೋಗದಾತ ಸಿಕ್ಕಾಗ ಓ-1, ಇಲ್ಲವೇ ಜರ್ಮನಿ. ಯಾವುದಾದರೂ ಸರಿ, ಎನ್‌ಐಡಬ್ಲ್ಯು ದಿನಾಂಕ ಹಿಡಿಯಲು 1,015 ಡಾಲರ್ ಮತ್ತು ವಕೀಲರ ಖರ್ಚು ಹಾಕುವುದು ಮಕ್ಕಳು ಚಿಕ್ಕವರಿದ್ದರೆ ಮಾತ್ರ ಲಾಭ.

ಭಾಗವತರಿಗೆ ಪ್ರವಾಸವೇ ಉದ್ದೇಶವಾದರೆ ಪಿ-3. ಅಲ್ಲೇ ನೆಲೆಸಿ ಕಲಿಸುವ ಆಸೆಯಿದ್ದರೆ, ಎರಡು ಪ್ರವಾಸಗಳ ವಿಮರ್ಶೆ, ಒಪ್ಪಂದ, ಬ್ಯಾಂಕ್ ದಾಖಲೆ ಕೂಡಿಟ್ಟುಕೊಂಡು ಮೂರನೇ ಸಲ ಓ-1ಬಿ.

ಮೂವರಲ್ಲಿ ಯಾರೇ ಆಗಲಿ, ಬಸ್ ಸ್ಟ್ಯಾಂಡ್ ಹತ್ತಿರದ ಕನ್ಸಲ್ಟೆನ್ಸಿಗೆ ಮುಂಗಡ ಕೊಡುವ ಮೊದಲು ನೋಂದಣಿ ಸಂಖ್ಯೆ ಕೇಳಿ. ಅಮೆರಿಕದ ವಕೀಲರಾದರೆ ಯಾವ ರಾಜ್ಯದ ವಕೀಲರ ಬಾರ್‌ನಲ್ಲಿ ನೋಂದಣಿ ಇದೆ ಎಂದು, ಆಸ್ಟ್ರೇಲಿಯಾದ್ದಾದರೆ ಅಲ್ಲಿನ ವಲಸೆ ಏಜೆಂಟರ ನೋಂದಣಿ ಪ್ರಾಧಿಕಾರದಲ್ಲಿ, ಬ್ರಿಟನ್ನಿನೊಳಗಿನ ಸಲಹೆಗಾರರಾದರೆ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ಹೆಸರು ಹುಡುಕಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ‘ವೀಸಾ ಗ್ಯಾರಂಟಿ’ ಎಂದು ರಶೀದಿಯಲ್ಲಿ ಬರೆದುಕೊಡಲು ಹೇಳಿ ನೋಡಿ, ಬರೆದುಕೊಡುವವರಾದರೆ ಅಲ್ಲಿಂದ ಎದ್ದು ಬನ್ನಿ.